ಗ್ಯಾಸ್ ಫರ್ನೇಸ್: ಉರಿಯ ಕಾವಲು ಮತ್ತು ಉಸಿರಿನ ಕಾವಲು

1. ಪ್ರಶ್ನೆ ಮತ್ತು ವ್ಯಾಪ್ತಿ

ಉತ್ತರ ಅಮೆರಿಕದ ಚಳಿ ಪ್ರದೇಶಗಳಲ್ಲಿ ಅಕ್ಟೋಬರ್ ಕಳೆಯಿತೆಂದರೆ ಮನೆಯ ಬೇಸ್‌ಮೆಂಟಿನಲ್ಲಿರುವ ಫರ್ನೇಸ್ ಹಗಲಿರುಳು ಹೊತ್ತಿ ಆರುತ್ತಿರುತ್ತದೆ. ಅದು ನೈಸರ್ಗಿಕ ಅನಿಲವನ್ನು ಉರಿಸಿ, ಆ ಬಿಸಿಯನ್ನು ಲೋಹದ ಗೋಡೆಯ ಮೂಲಕ ಮನೆಯ ಗಾಳಿಗೆ ದಾಟಿಸಿ, ತಗಡಿನ ನಾಳಗಳಲ್ಲಿ ಕೋಣೆಕೋಣೆಗೆ ಕಳಿಸುತ್ತದೆ. ಷಿಕಾಗೊದ ವಿದ್ಯಾರಣ್ಯ, ಡೆಟ್ರಾಯಿಟ್ ಸುತ್ತಲಿನ ಪಂಪ, ನ್ಯೂ ಇಂಗ್ಲೆಂಡಿನ ಮಂದಾರ ಮೊದಲಾದ ಕನ್ನಡ ಕೂಟಗಳಲ್ಲಿ ಸೇರುವ ಹಿರಿಯರು ಹುಟ್ಟಿ ಬೆಳೆದ ಊರುಗಳಲ್ಲಿ ಇಂಥ ಯಂತ್ರ ಇರಲಿಲ್ಲ. ಮನೆ ಕೊಂಡಾಗ ಅದೂ ಜೊತೆಗೆ ಬಂತು. ಥರ್ಮೋಸ್ಟ್ಯಾಟಿನಲ್ಲಿ ಅಂಕಿ ಏರಿಸಿದರೆ ಮನೆ ಬೆಚ್ಚಗಾಗುತ್ತದೆ ಎಂಬುದಕ್ಕಿಂತ ಹೆಚ್ಚಿನ ಪರಿಚಯ ಎಷ್ಟೋ ಮನೆಗಳಲ್ಲಿ ಬೆಳೆದಿಲ್ಲ.

ಈ ಟಿಪ್ಪಣಿ ಕೇಳುವ ಪ್ರಶ್ನೆ ಒಂದೇ. ಇಂದಿನ ಫರ್ನೇಸಿನಲ್ಲಿ ಒಂದರ ಹಿಂದೊಂದು ರಕ್ಷಣಾ ಸಾಧನಗಳಿವೆ. ಆದರೂ ಅಮೆರಿಕದ ರೋಗ ನಿಯಂತ್ರಣ ಕೇಂದ್ರದ ಪ್ರಕಾರ ಬೆಂಕಿ ಅನಾಹುತಕ್ಕೆ ಸಂಬಂಧಿಸದ, ಆಕಸ್ಮಿಕ ಕಾರ್ಬನ್ ಮಾನಾಕ್ಸೈಡ್ ವಿಷದಿಂದ ಆ ದೇಶದಲ್ಲಿ ವರ್ಷಕ್ಕೆ 400ಕ್ಕೂ ಹೆಚ್ಚು ಜನ ಸಾಯುತ್ತಾರೆ, ಲಕ್ಷಕ್ಕೂ ಹೆಚ್ಚು ಜನ ತುರ್ತು ಚಿಕಿತ್ಸೆಗೆ ಹೋಗುತ್ತಾರೆ. ಜನರೇಟರ್, ಕಾರು, ಇದ್ದಿಲಿನ ಗ್ರಿಲ್ ಎಲ್ಲವೂ ಈ ಲೆಕ್ಕದಲ್ಲಿವೆ. ಮನೆ ಬಿಸಿಮಾಡುವ ಯಂತ್ರಗಳೂ ಇವೆ. ಇಷ್ಟು ಕಾವಲಿನ ನಡುವೆಯೂ ವಿಷ ನುಸುಳುವುದು ಎಲ್ಲಿಂದ? ಯಂತ್ರದ ಕಾವಲು ಉರಿಯ ಮೇಲಿದೆ, ಉಸಿರಾಡುವ ಗಾಳಿಯ ಮೇಲಿಲ್ಲ. ಈ ಎರಡರ ನಡುವಿನ ತೆರಪನ್ನು ಮನೆಯವರೇ ಮುಚ್ಚಬೇಕು ಎಂಬುದು ಇಲ್ಲಿನ ವಾದ.

2. ಉರಿಯದ ಅನಿಲ, ಸರಿಯಾಗಿ ಉರಿಯದ ಅನಿಲ

ಅಪಾಯ ಎರಡು ಬಗೆಯದು. ಎರಡನ್ನೂ ಒಂದೇ ಎಂದು ತಿಳಿಯುವುದರಿಂದ ಅನೇಕ ತಪ್ಪು ಕ್ರಮಗಳು ಹುಟ್ಟುತ್ತವೆ.

ಮೊದಲನೆಯದು ಉರಿಯದೆ ಸೋರಿದ ಅನಿಲ. ನೈಸರ್ಗಿಕ ಅನಿಲದ ಬಹುಭಾಗ ಮೀಥೇನ್. ಗಾಳಿಯಲ್ಲಿ ಅದರ ಪ್ರಮಾಣ ಶೇ. 5ರಿಂದ 15ರೊಳಗೆ ಇದ್ದರೆ ಒಂದು ಕಿಡಿ ಸಾಕು, ಸ್ಫೋಟವಾಗುತ್ತದೆ. ಮೀಥೇನಿಗೆ ಸ್ವಂತ ವಾಸನೆಯಿಲ್ಲ. 1937ರ ಮಾರ್ಚ್ 18ರಂದು ಟೆಕ್ಸಾಸ್‌ನ ನ್ಯೂ ಲಂಡನ್ ಶಾಲೆಯ ಕೆಳಗೆ ಹೀಗೆ ಸೋರಿ ನಿಂತಿದ್ದ ಅನಿಲ ಸಿಡಿದು ಸುಮಾರು 300 ಮಂದಿ ಸತ್ತರು. ಅವರಲ್ಲಿ ಹೆಚ್ಚಿನವರು ಮಕ್ಕಳು. ಅನಿಲಕ್ಕೆ ಕಟುವಾಸನೆಯ ಮರ್ಕ್ಯಾಪ್ಟನ್ ಬೆರೆಸಬೇಕೆಂಬ ಕಾನೂನು ಟೆಕ್ಸಾಸ್‌ನಲ್ಲಿ ಬಂದದ್ದು ಆ ದುರಂತದ ಬೆನ್ನಲ್ಲೇ. ಗಾಳಿಯಲ್ಲಿ ಅನಿಲವು ಸ್ಫೋಟದ ಕನಿಷ್ಠ ಮಿತಿಯ ಐದನೇ ಒಂದು ಭಾಗಕ್ಕೆ, ಅಂದರೆ ಸುಮಾರು ಶೇ. 1ಕ್ಕೆ, ಏರುವಷ್ಟರಲ್ಲೇ ಸಾಮಾನ್ಯ ಮೂಗಿಗೆ ತಿಳಿಯಬೇಕು ಎಂಬುದು ಇಂದಿನ ಅಮೆರಿಕದ ಕೇಂದ್ರ ನಿಯಮ.

ಕರ್ನಾಟಕದಲ್ಲಿ ಸಿಲಿಂಡರ್ ಬಳಸಿ ರೂಢಿಯಿರುವವರು ಇಲ್ಲೊಂದು ವ್ಯತ್ಯಾಸ ಗಮನಿಸಬೇಕು. ಎಲ್‌ಪಿಜಿ ಗಾಳಿಗಿಂತ ಭಾರ, ನೆಲದ ಮಟ್ಟದಲ್ಲಿ ಹರಡುತ್ತದೆ. ನೈಸರ್ಗಿಕ ಅನಿಲ ಹಗುರ, ಮೇಲೇರುತ್ತದೆ. ಸಿಲಿಂಡರಿನ ರೆಗ್ಯುಲೇಟರ್ ಕೈಗೆಟುಕುವಲ್ಲಿ ಇರುತ್ತದೆ. ಅಮೆರಿಕದ ಮನೆಗಳಿಗೆ ಅನಿಲ ಬೀದಿಯ ಕೊಳವೆಯಿಂದ ಬರುತ್ತದೆ, ಮೀಟರಿನ ಬಳಿಯ ಕವಾಟ ತಿರುಗಿಸಲು ಪಾನಾ ಬೇಕು. ಆದ್ದರಿಂದ ವಾಸನೆ ಬಂದೊಡನೆ ಮಾಡಬೇಕಾದ್ದು ಇಷ್ಟೆ: ಲೈಟಿನ ಸ್ವಿಚ್ ಮುಟ್ಟದೆ, ಒಳಗೆ ಫೋನ್ ಮಾಡದೆ, ಎಲ್ಲರನ್ನೂ ಕರೆದುಕೊಂಡು ಹೊರಗೆ ನಡೆದು, ದೂರ ನಿಂತು ತುರ್ತು ಸಂಖ್ಯೆ 911ಕ್ಕೋ ಅನಿಲ ಕಂಪನಿಗೋ ಕರೆ ಮಾಡುವುದು. ಸೋರಿಕೆ ಎಲ್ಲಿ ಎಂದು ಹುಡುಕುತ್ತಾ ಒಳಗೆ ಉಳಿಯಬಾರದು.

ಎರಡನೆಯದು ಸರಿಯಾಗಿ ಉರಿಯದ ಅನಿಲ. ಒಂದು ಘನ ಅಡಿ ನೈಸರ್ಗಿಕ ಅನಿಲ ಪೂರ್ತಿ ಉರಿಯಲು ಸುಮಾರು 10 ಘನ ಅಡಿ ಗಾಳಿ ಬೇಕು. ಅಷ್ಟು ಸಿಕ್ಕರೆ ಉಳಿಯುವುದು ಇಂಗಾಲದ ಡೈಆಕ್ಸೈಡ್ ಮತ್ತು ನೀರಾವಿ. ಗಾಳಿ ಕಡಿಮೆ ಬಿದ್ದರೆ, ಉರಿ ತಣ್ಣನೆಯ ಲೋಹಕ್ಕೆ ತಾಗಿದರೆ, ಬರ್ನರ್‌ನಲ್ಲಿ ಕಸ ಕಟ್ಟಿದರೆ ಕಾರ್ಬನ್ ಮಾನಾಕ್ಸೈಡ್ ಹುಟ್ಟುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ, ಕಣ್ಣುರಿಯಿಲ್ಲ. ಬಚ್ಚಲ ಹಂಡೆಯೊಲೆಯಲ್ಲಿ ಹಸಿ ಸೌದೆ ಹಾಕಿದರೆ ಹೊಗೆಯೇ ಕೆಮ್ಮಿಸಿ ನಮ್ಮನ್ನು ಹೊರಗಟ್ಟುತ್ತಿತ್ತು. ಗ್ಯಾಸಿನ ಉರಿ ಅಂಥ ಸೂಚನೆ ಕೊಡುವುದಿಲ್ಲ. ಮರ್ಕ್ಯಾಪ್ಟನ್ ಕೂಡ ಉರಿಯಲ್ಲೇ ಸುಟ್ಟುಹೋಗುವುದರಿಂದ ಗ್ಯಾಸಿನ ವಾಸನೆಯನ್ನು ಕಾಯುತ್ತಾ ಕುಳಿತವರಿಗೆ ಈ ಎರಡನೇ ಅಪಾಯ ತಿಳಿಯುವುದೇ ಇಲ್ಲ.

3. ಯಂತ್ರದೊಳಗಿನ ಕಾವಲು

ಫರ್ನೇಸ್ ಹೊತ್ತಿಕೊಳ್ಳುವ ಕ್ರಮವನ್ನು ಹತ್ತಿರದಿಂದ ನೋಡಿದರೆ ಕಾವಲಿನ ಸ್ವರೂಪ ಸ್ಪಷ್ಟವಾಗುತ್ತದೆ. ಥರ್ಮೋಸ್ಟ್ಯಾಟ್ ಬಿಸಿ ಕೇಳಿದೊಡನೆ ಗ್ಯಾಸ್ ಬಿಡುಗಡೆಯಾಗುವುದಿಲ್ಲ. ಮೊದಲು ಇಂಡ್ಯೂಸರ್ ಎಂಬ ಚಿಕ್ಕ ಫ್ಯಾನು ತಿರುಗಿ, ಹಳೆಯ ಅನಿಲವನ್ನು ಹೊಗೆಕೊಳವೆಯತ್ತ ಎಳೆಯುತ್ತದೆ. ಆ ಎಳೆತ ಹುಟ್ಟಿತೆಂದು ರಬ್ಬರ್ ನಳಿಗೆಯ ತುದಿಯ ಪ್ರೆಷರ್ ಸ್ವಿಚ್ ಒಪ್ಪಿಗೆ ಕೊಡಬೇಕು. ಕೊಳವೆ ಕಟ್ಟಿದ್ದರೆ ಒಪ್ಪಿಗೆ ಸಿಗದು, ಕೆಲಸ ಅಲ್ಲಿಗೇ ನಿಲ್ಲುತ್ತದೆ. ಒಪ್ಪಿಗೆ ಸಿಕ್ಕರೆ ಇಗ್ನೈಟರ್ ಕೆಂಪಗೆ ಕಾಯುತ್ತದೆ, ಗ್ಯಾಸ್ ಕವಾಟ ತೆರೆಯುತ್ತದೆ, ಬರ್ನರ್‌ಗಳು ಸಾಲಾಗಿ ಹೊತ್ತಿಕೊಳ್ಳುತ್ತವೆ. ಕೊನೆಯ ಬರ್ನರಿನ ಎದುರು ಪೆನ್ಸಿಲ್‌ಗಿಂತ ತೆಳುವಾದ ಲೋಹದ ಕಡ್ಡಿಯೊಂದಿರುತ್ತದೆ. ಉರಿಯ ಮೂಲಕ ಅದರಲ್ಲಿ ಕೆಲವೇ ಮೈಕ್ರೋಆಂಪಿಯರ್ ವಿದ್ಯುತ್ ಹರಿದರೆ ಉರಿ ಇದೆಯೆಂದು ಅರ್ಥ. ಹರಿಯದಿದ್ದರೆ ಕೆಲವೇ ಸೆಕೆಂಡುಗಳಲ್ಲಿ ಕವಾಟ ಮುಚ್ಚುತ್ತದೆ. ಹೊತ್ತಿದೊಡನೆ ಆರಿಹೋಗುವ ಫರ್ನೇಸಿನಲ್ಲಿ ಬಹಳ ಸಲ ಈ ಕಡ್ಡಿಗೆ ಮಸಿ ಅಥವಾ ಧೂಳಿನ ಪೊರೆ ಕಟ್ಟಿರುತ್ತದೆ.

ಉರಿ ನೆಲೆಗೊಂಡ ಮೇಲೆ ಮನೆಯ ಗಾಳಿಯನ್ನು ನೂಕುವ ದೊಡ್ಡ ಬ್ಲೋವರ್ ತಿರುಗುತ್ತದೆ. ಹೀಟ್ ಎಕ್ಸ್‌ಚೇಂಜರ್, ಅಂದರೆ ಬಿಸಿ ದಾಟಿಸುವ ಲೋಹದ ಗೋಡೆ, ಅತಿಯಾಗಿ ಕಾದರೆ ಲಿಮಿಟ್ ಸ್ವಿಚ್ ಉರಿ ಆರಿಸುತ್ತದೆ. ಉರಿ ತನ್ನ ಗೂಡಿನಿಂದ ಹೊರಕ್ಕೆ ಚಾಚಿದರೆ ರೋಲ್‌ಔಟ್ ಸ್ವಿಚ್ ಆರಿಸುತ್ತದೆ. ರೋಲ್‌ಔಟ್ ಸ್ವಿಚ್ಚಿನ ಗುಂಡಿಯನ್ನು ಒತ್ತಿ ಫರ್ನೇಸನ್ನು ಮತ್ತೆ ನಡೆಸುವುದು ಅಪಾಯದ ಕೆಲಸ. ಆ ಸ್ವಿಚ್ ಬಿದ್ದಿದೆ ಎಂದರೆ ಉರಿ ಹೋಗಬಾರದ ಕಡೆ ಹೋಗಿತ್ತೆಂದೇ ಅರ್ಥ. ಕಾರಣ ಕಾಣುವವರೆಗೆ ಯಂತ್ರ ನಿಂತಿರಬೇಕು. ಗಾಳಿಯ ಫಿಲ್ಟರಿಗೂ ಈ ಕಾವಲಿಗೂ ನೇರ ಸಂಬಂಧವಿದೆ. ಧೂಳು ತುಂಬಿದ ಫಿಲ್ಟರ್ ಬ್ಲೋವರ್ ಗಾಳಿಯನ್ನು ತಡೆಯುತ್ತದೆ, ಎಕ್ಸ್‌ಚೇಂಜರ್ ಕಾಯುತ್ತದೆ, ಲಿಮಿಟ್ ಸ್ವಿಚ್ ಮತ್ತೆಮತ್ತೆ ಆರಿಸುತ್ತದೆ. ಹೀಗೆ ಕಾದು ತಣಿದು ವರ್ಷಗಟ್ಟಲೆ ನಡೆದ ಲೋಹ ಬಿರುಕು ಬಿಡುತ್ತದೆ. ಒಂದು ಇಂಚಿನ ಫಿಲ್ಟರನ್ನು ಚಳಿಗಾಲದಲ್ಲಿ ತಿಂಗಳಿಗೊಮ್ಮೆ ತೆಗೆದು ನೋಡಿ, ಹೆಚ್ಚೆಂದರೆ ಮೂರು ತಿಂಗಳಿಗೆ ಬದಲಿಸುವುದು ಮನೆಯವರೇ ಮಾಡಬಹುದಾದ ಅತಿ ಅಗ್ಗದ ರಕ್ಷಣೆ.

4. ಕಾವಲಿಗೆ ಕಾಣದ ಜಾಗಗಳು

ಮೇಲಿನ ಸಾಧನಗಳೆಲ್ಲ ಉರಿಯ ವಿಷಯವನ್ನಷ್ಟೇ ವಿಚಾರಿಸುತ್ತವೆ: ಉರಿ ಇದೆಯೇ, ತನ್ನ ಗೂಡಿನಲ್ಲಿದೆಯೇ, ಎಳೆತ ಇದೆಯೇ? ಕೋಣೆಯ ಗಾಳಿಯಲ್ಲಿ ಏನಿದೆ ಎಂದು ಅವುಗಳಲ್ಲಿ ಯಾವುದೂ ಅಳೆಯುವುದಿಲ್ಲ. ಹೊಗೆಕೊಳವೆ ಕಟ್ಟಿಕೊಂಡರೆ ಪ್ರೆಷರ್ ಸ್ವಿಚ್ಚಿಗೆ ಸಾಮಾನ್ಯವಾಗಿ ಗೊತ್ತಾಗುತ್ತದೆ. ಅದೇ ಕೊಳವೆಯ ಕೀಲು ಬೇಸ್‌ಮೆಂಟಿನೊಳಗೇ ಬಿಚ್ಚಿಕೊಂಡರೆ ಎಳೆತಕ್ಕೆ ಏನೂ ಅಡ್ಡಿಯಿಲ್ಲ. ಸ್ವಿಚ್ ಒಪ್ಪಿಗೆ ಕೊಡುತ್ತಲೇ ಇರುತ್ತದೆ, ಫರ್ನೇಸ್ ಸುಸೂತ್ರವಾಗಿ ಉರಿಯುತ್ತಾ ಹೊಗೆಯನ್ನೆಲ್ಲ ಮನೆಯೊಳಗೇ ಬಿಡುತ್ತದೆ.

ಎರಡನೇ ಜಾಗ ಹೊರಗೋಡೆ; ಇಲ್ಲಿನ ಅಡ್ಡಿಯನ್ನು ಪ್ರೆಷರ್ ಸ್ವಿಚ್ ಪ್ರತಿಸಲವೂ ಹಿಡಿಯುತ್ತದೆ ಎನ್ನುವಂತಿಲ್ಲ. ಶೇ. 90ಕ್ಕಿಂತ ಹೆಚ್ಚು ದಕ್ಷತೆಯ ಫರ್ನೇಸುಗಳಲ್ಲಿ ಹೊಗೆ ತಣ್ಣಗಿರುವುದರಿಂದ ಬಿಳಿ ಪ್ಲಾಸ್ಟಿಕ್ ಕೊಳವೆಯಲ್ಲಿ, ಗೋಡೆಯ ಪಕ್ಕದಿಂದಲೇ, ನೆಲಕ್ಕೆ ಹತ್ತಿರದಲ್ಲಿ ಹೊರಬೀಳುತ್ತದೆ. ಹಿಮ ರಾಶಿ ಬೀಳುವುದೂ ಅಲ್ಲಿಯೇ. 2005ರ ಜನವರಿಯ ಹಿಮಪಾತದಲ್ಲಿ ಮ್ಯಾಸಚೂಸೆಟ್ಸ್‌ನ ಪ್ಲಿಮತ್ ಊರಿನ ಮನೆಯೊಂದರ ತಾಪನ ವ್ಯವಸ್ಥೆಯ ಹೊರಗಂಡಿ ಹಿಮದಲ್ಲಿ ಹೂತುಹೋಗಿ 7 ವರ್ಷದ ಬಾಲಕಿ ತೀರಿಕೊಂಡಳು. ಆಕೆಯ ಹೆಸರಿನ ‘ನಿಕೋಲ್ಸ್ ಲಾ’ ಆ ರಾಜ್ಯದ ಮನೆಗಳಲ್ಲಿ ಕಾರ್ಬನ್ ಮಾನಾಕ್ಸೈಡ್ ಅಲಾರಾಂ ಕಡ್ಡಾಯ ಮಾಡಿತು. ಗೋಡೆಯಲ್ಲಿ ತಗ್ಗಾಗಿ ಹೊರಬೀಳುವ ಹೊಗೆಗಂಡಿಯ ನೇರಕ್ಕೆ, ನೆಲದಿಂದ 8 ಅಡಿ ಎತ್ತರದಲ್ಲಿ, ‘ಕೆಳಗೆ ಗ್ಯಾಸ್ ಗಂಡಿಯಿದೆ, ಅಡ್ಡಿಯಿಲ್ಲದಂತೆ ಇಡಿ’ ಎಂಬರ್ಥದ ಫಲಕ ಹಾಕಬೇಕೆಂದೂ ಅಲ್ಲಿ ನಿಯಮವಿದೆ. ಹಿಮ ಗಂಡಿಯನ್ನು ಮುಚ್ಚಿದರೂ ಫಲಕ ಮೇಲೆ ಕಾಣುತ್ತಿರಬೇಕು ಎಂಬ ಮುಂದಾಲೋಚನೆ ಅದರ ಹಿಂದಿದೆ. ಕೆನಡಾದ ಒಂಟಾರಿಯೊದಲ್ಲಿಯೂ ಕಾನೂನು ಇಂಥದ್ದೇ ದುಃಖದಿಂದ ಹುಟ್ಟಿತು. 2008ರಲ್ಲಿ ವುಡ್‌ಸ್ಟಾಕ್ ಊರಿನಲ್ಲಿ ಗ್ಯಾಸ್ ಅಗ್ಗಿಷ್ಟಿಕೆಯ ಹೊಗೆಗಂಡಿ ಕಟ್ಟಿಕೊಂಡು ತಂದೆ, ತಾಯಿ, ಇಬ್ಬರು ಮಕ್ಕಳು ಸತ್ತ ಮೇಲೆ, 2013ರಲ್ಲಿ ಹಾಕಿನ್ಸ್–ಗಿಗ್ನ್ಯಾಕ್ ಕಾಯಿದೆ ಬಂತು. ಹಿಮ ಬಿದ್ದ ಬೆಳಗ್ಗೆ ಡ್ರೈವ್‌ವೇ ತೆರವು ಮಾಡುವ ಮೊದಲು ಈ ಗಂಡಿಯನ್ನು ತೆರವು ಮಾಡಬೇಕು ಎಂಬುದನ್ನು ಪ್ಲಿಮತ್ ದುಬಾರಿ ಬೆಲೆ ತೆತ್ತು ಕಲಿಯಿತು.

ಮೂರನೇ ಜಾಗ ಮನೆಯ ಗಾಳಿಯ ಸಮತೋಲ. ಇಲ್ಲಿ ನಮ್ಮ ಅಡುಗೆಮನೆಗೂ ಪಾತ್ರವಿದೆ. ಹೊರಗಿನ ಗಾಳಿಯನ್ನು ನೇರವಾಗಿ ಎಳೆದುಕೊಳ್ಳದೆ ಕೋಣೆಯ ಗಾಳಿಯನ್ನೇ ಬಳಸುವ ಯಂತ್ರಗಳಿಗೆ, ಗಂಟೆಗೆ ಪ್ರತಿ 1000 ಬಿಟಿಯು (ಶಾಖದ ಅಳತೆ) ಸಾಮರ್ಥ್ಯಕ್ಕೆ 50 ಘನ ಅಡಿ ಜಾಗ ಬೇಕೆಂಬುದು ಅಮೆರಿಕದ ಇಂಧನ ಅನಿಲ ಸಂಹಿತೆಯ ವಾಡಿಕೆಯ ಲೆಕ್ಕ. 80,000 ಬಿಟಿಯುವಿನ ಫರ್ನೇಸ್, 40,000 ಬಿಟಿಯುವಿನ ನೀರು ಕಾಯಿಸುವ ಯಂತ್ರ ಸೇರಿದರೆ 6,000 ಘನ ಅಡಿ, ಅಂದರೆ 8 ಅಡಿ ಎತ್ತರದ ಸೂರಿನಡಿ 750 ಚದರ ಅಡಿ ತೆರೆದ ಜಾಗ. ಬೇಸ್‌ಮೆಂಟಿಗೆ ಹೊಸದಾಗಿ ಗೋಡೆ ಕಟ್ಟಿಸಿ ಪೂಜಾಕೋಣೆಯನ್ನೋ ಸಿನಿಮಾ ಕೋಣೆಯನ್ನೋ ಮಾಡಿಸಿಕೊಂಡು ಯಂತ್ರಗಳನ್ನು ಚಿಕ್ಕ ಗೂಡಿಗೆ ತಳ್ಳುವಾಗ ಈ ಲೆಕ್ಕ ತಪ್ಪುತ್ತದೆ. ಆಗ ಗೂಡಿನ ಬಾಗಿಲಿಗೆ ಜಾಲರಿಯೋ ಹೊರಗಾಳಿಯ ಕೊಳವೆಯೋ ಬೇಕಾಗುತ್ತದೆ.

ಒಗ್ಗರಣೆಯ ಘಾಟು ತಡೆಯಲೆಂದು ಹಾಕಿಸುವ ಭಾರಿ ಕಿಚನ್ ಹುಡ್ ಇನ್ನೊಂದು ಕಾರಣ. ನಿಮಿಷಕ್ಕೆ 900 ಘನ ಅಡಿ ಗಾಳಿ ಹೊರದೂಡುವ ಹುಡ್ 1,500 ಚದರ ಅಡಿ ಮನೆಯ ಗಾಳಿಯಷ್ಟನ್ನೂ ಕಾಲು ಗಂಟೆಯೊಳಗೆ ಹೊರಹಾಕಬಲ್ಲದು. ಚಳಿಗೆಂದು ಕಿಟಕಿ ಸಂದುಗಳನ್ನೆಲ್ಲ ಬಿಗಿಮಾಡಿದ ಮನೆಗೆ ಬದಲಿ ಗಾಳಿ ಎಲ್ಲಿಂದ ಬರಬೇಕು? ಇರುವ ಸುಲಭ ದಾರಿ ಹೊಗೆಕೊಳವೆ. ಫ್ಯಾನಿಲ್ಲದೆ ಬಿಸಿಹೊಗೆ ತಾನಾಗಿ ಏರುವುದನ್ನೇ ನೆಚ್ಚಿದ ಹಳೆಯ ಬಗೆಯ ನೀರು ಕಾಯಿಸುವ ಯಂತ್ರದ ಹೊಗೆ ಆಗ ಹಿಂದಕ್ಕೆ ಹರಿಯುತ್ತದೆ. ನಿಮಿಷಕ್ಕೆ 400 ಘನ ಅಡಿ ಮೀರಿದ ಹುಡ್‌ಗೆ ಬದಲಿ ಗಾಳಿಯ ವ್ಯವಸ್ಥೆ ಇರಬೇಕೆಂದು ವಸತಿ ಸಂಹಿತೆ ಹೇಳುವುದು ಇದೇ ಕಾರಣಕ್ಕೆ. ಹುಡ್ ಹಾಕಿಸುವವರು ಅದರ ಶಕ್ತಿಯ ಜೊತೆಗೆ, ಬೇಸ್‌ಮೆಂಟಿನ ಯಂತ್ರಗಳು ಗಾಳಿಯನ್ನು ಎಲ್ಲಿಂದ ತೆಗೆದುಕೊಳ್ಳುತ್ತವೆ ಎಂದೂ ಕೇಳಬೇಕು. ಅಷ್ಟರವರೆಗೆ ಹುಡ್ ನಡೆಯುವಾಗ ಹತ್ತಿರದ ಕಿಟಕಿಯೊಂದನ್ನು ತುಸು ತೆರೆದಿಡುವುದು ಒಳ್ಳೆಯದು.

ಉರಿಯ ಬಣ್ಣದ ಬಗ್ಗೆ ಒಂದು ಮಾತು. ಹಳದಿ, ತೂಗಾಡುವ ಉರಿ ಕೆಡುಕಿನ ಸೂಚನೆ ಎಂಬುದು ನಿಜ. ಬ್ಲೋವರ್ ತಿರುಗಿದ ಕ್ಷಣದಲ್ಲಿ ಉರಿ ಓಲಾಡಿದರೆ ಎಕ್ಸ್‌ಚೇಂಜರ್ ಬಿರುಕು ಬಿಟ್ಟಿರಬಹುದು. ಆದರೆ ನೀಲಿ ಉರಿ ಕಂಡ ಮಾತ್ರಕ್ಕೆ ನಿಶ್ಚಿಂತೆಯಿಂದ ಇರುವಂತಿಲ್ಲ. ನೀಲಿ ಉರಿಯೂ ಕಾರ್ಬನ್ ಮಾನಾಕ್ಸೈಡ್ ಹುಟ್ಟಿಸಬಲ್ಲದು. ಅದನ್ನು ಹೊಗೆಕೊಳವೆಯೊಳಗೆ ಉಪಕರಣ ಇಟ್ಟು ಅಳೆದೇ ತಿಳಿಯಬೇಕು. ಅಮೆರಿಕದ ಮಾನದಂಡದಲ್ಲಿ ಫರ್ನೇಸಿನ ಹೊಗೆಗೆ, ಬೆರೆತ ಹೆಚ್ಚುವರಿ ಗಾಳಿಯನ್ನು ಕಳೆದ ಲೆಕ್ಕದಲ್ಲಿ, 400 ಪಿಪಿಎಂ (ದಶಲಕ್ಷದಲ್ಲಿ 400 ಭಾಗ) ಮಿತಿಯಿದೆ. ವರ್ಷಕ್ಕೊಮ್ಮೆ ಬರುವ ತಂತ್ರಜ್ಞರಿಂದ ಈ ಅಂಕಿಯನ್ನು ಕಾಗದದ ಮೇಲೆ ಬರೆಸಿಕೊಳ್ಳಬೇಕು. ಅಳತೆ ತೆಗೆಯದ ತಪಾಸಣೆ ಅಪೂರ್ಣ.

5. ಮೈಯೊಳಗೆ ನಡೆಯುವುದು

ಕಾರ್ಬನ್ ಮಾನಾಕ್ಸೈಡ್ ರಕ್ತದ ಹಿಮೋಗ್ಲೋಬಿನ್ನಿಗೆ ಅಂಟಿಕೊಂಡು ಆಮ್ಲಜನಕದ ಜಾಗ ಹಿಡಿಯುತ್ತದೆ ಎಂಬುದನ್ನು ಫ್ರಾನ್ಸಿನ ಶರೀರವಿಜ್ಞಾನಿ ಕ್ಲಾಡ್ ಬರ್ನಾರ್ಡ್ 19ನೇ ಶತಮಾನದ ಮಧ್ಯಭಾಗದಲ್ಲಿ ತೋರಿಸಿದರು. ಬ್ರಿಟನ್ನಿನ ಜಾನ್ ಸ್ಕಾಟ್ ಹಾಲ್ಡೇನ್ 1895ರಲ್ಲಿ ಪ್ರಕಟಿಸಿದ ಅಧ್ಯಯನಕ್ಕಾಗಿ ಆ ಅನಿಲವನ್ನು ತಾವೇ ಉಸಿರಾಡಿ ಪರಿಣಾಮ ದಾಖಲಿಸಿದರು. ಹಿಮೋಗ್ಲೋಬಿನ್ನಿಗೆ ಈ ಅನಿಲದ ಮೇಲಿರುವ ಸೆಳೆತ ಆಮ್ಲಜನಕದ ಮೇಲಿರುವುದಕ್ಕಿಂತ 200 ಪಟ್ಟಿಗೂ ಹೆಚ್ಚು. ಆದ್ದರಿಂದ ಗಾಳಿಯಲ್ಲಿ ತುಸುವೇ ಇದ್ದರೂ ಗಂಟೆಗಳು ಕಳೆದಂತೆ ರಕ್ತದಲ್ಲಿ ಕೂಡುತ್ತಾ ಹೋಗುತ್ತದೆ. ಸ್ವಚ್ಛ ಗಾಳಿಗೆ ಬಂದ ಮೇಲೆ ಅದರ ಅರ್ಧಭಾಗ ಇಳಿಯಲು 4ರಿಂದ 6 ಗಂಟೆ ಹಿಡಿಯುತ್ತದೆ. ಆಸ್ಪತ್ರೆಯಲ್ಲಿ ಶುದ್ಧ ಆಮ್ಲಜನಕ ಕೊಟ್ಟರೆ ಸುಮಾರು ಒಂದೂವರೆ ಗಂಟೆಯೊಳಗೆ ಇಳಿಯುತ್ತದೆ. ಗರ್ಭದ ಶಿಶುವಿನ ರಕ್ತ ತಾಯಿಯ ರಕ್ತಕ್ಕಿಂತ ಗಟ್ಟಿಯಾಗಿ ಇದನ್ನು ಹಿಡಿದುಕೊಳ್ಳುವುದರಿಂದ ಗರ್ಭಿಣಿಯ ತಲೆನೋವನ್ನು ಹಗುರವಾಗಿ ತೆಗೆದುಕೊಳ್ಳಲೇಬಾರದು.

ತಲೆನೋವು, ವಾಕರಿಕೆ, ತಲೆಸುತ್ತು, ಸುಸ್ತು: ಲಕ್ಷಣಗಳು ಚಳಿಗಾಲದ ಫ್ಲೂ ಜ್ವರದಂತೆಯೇ ಇರುತ್ತವೆ, ಮೈಬಿಸಿ ಮಾತ್ರ ಇರುವುದಿಲ್ಲ. ಮನೆಯಲ್ಲಿರುವ ಎಲ್ಲರಿಗೂ ಒಟ್ಟಿಗೆ ಬಂದು, ಹೊರಗೆ ಹೋದಾಗ ಕಡಿಮೆಯಾಗಿ, ಮನೆಗೆ ಮರಳಿದಾಗ ಹೆಚ್ಚಾದರೆ ಸಂಶಯ ಬಲವಾಗಬೇಕು.

ಕೋವಿಡ್ ಕಾಲದಿಂದ ಹಲವು ಮನೆಗಳಲ್ಲಿ ಪಲ್ಸ್ ಆಕ್ಸಿಮೀಟರ್ ಇದೆ. ಈ ವಿಷದ ವಿಷಯದಲ್ಲಿ ಅದನ್ನು ನಂಬಬಾರದು. ಬೆರಳಿಗೆ ಹಾಕುವ ಸಾಮಾನ್ಯ ಆಕ್ಸಿಮೀಟರ್ ಎರಡು ತರಂಗಾಂತರಗಳ ಬೆಳಕಿನಿಂದ ರಕ್ತದ ಕೆಂಪನ್ನು ಅಳೆಯುತ್ತದೆ. ಕಾರ್ಬನ್ ಮಾನಾಕ್ಸೈಡ್ ಹಿಡಿದ ರಕ್ತವೂ ಅದಕ್ಕೆ ಆಮ್ಲಜನಕ ತುಂಬಿದ ರಕ್ತದಂತೆಯೇ ಕಾಣುವುದರಿಂದ, ವಿಷವೇರಿದವರ ಬೆರಳಿನಲ್ಲೂ 98 ಎಂದು ತೋರಿಸಬಲ್ಲದು.

6. ಉಸಿರಿನ ಕಾವಲುಗಾರ

ಕೋಣೆಯ ಗಾಳಿಯನ್ನು ಅಳೆಯುವ ಸಾಧನ ಮನೆಯಲ್ಲಿ ಒಂದೇ: ಕಾರ್ಬನ್ ಮಾನಾಕ್ಸೈಡ್ ಅಲಾರಾಂ. ಅಮೆರಿಕದ ಯುಎಲ್ 2034 ಮಾನದಂಡದ ಪ್ರಕಾರ ಅದು 400 ಪಿಪಿಎಂ ಇದ್ದರೆ 4ರಿಂದ 15 ನಿಮಿಷದೊಳಗೆ, 150 ಇದ್ದರೆ 10ರಿಂದ 50 ನಿಮಿಷದೊಳಗೆ, 70 ಇದ್ದರೆ 1ರಿಂದ 4 ಗಂಟೆಯೊಳಗೆ ಕೂಗಬೇಕು. 30 ಪಿಪಿಎಂ ಇದ್ದರೆ 30 ದಿನ ಸುಮ್ಮನಿರಬೇಕೆಂದೂ ಅದೇ ಮಾನದಂಡ ಹೇಳುತ್ತದೆ. ಆದರೆ ಹೊರಗಿನ ಗಾಳಿಗೆ ಅಮೆರಿಕದ ಪರಿಸರ ಸಂಸ್ಥೆ ಇಟ್ಟಿರುವ 8 ಗಂಟೆಗಳ ಮಿತಿ 9 ಪಿಪಿಎಂ. ಅಲಾರಾಂ ಸುಮ್ಮನಿದೆ ಎಂದರೆ ತಕ್ಷಣದ ಪ್ರಾಣಾಪಾಯವಿಲ್ಲ ಎಂದಷ್ಟೇ ತಿಳಿಯಬೇಕು. ಹಸುಗೂಸು, ಗರ್ಭಿಣಿ, ಹೃದ್ರೋಗಿಗಳಿರುವ ಮನೆಗೆ ಕಡಿಮೆ ಮಟ್ಟವನ್ನೂ ಅಂಕಿಯಲ್ಲಿ ತೋರಿಸುವ ಮಾನಿಟರ್ ಲೇಸು.

ಈ ಅನಿಲ ಭಾರವಾದ್ದರಿಂದ ಅಲಾರಾಂ ನೆಲದ ಹತ್ತಿರವೇ ಇರಬೇಕೆಂಬ ನಂಬಿಕೆ ತಪ್ಪು. ಅದರ ಅಣುತೂಕ 28, ಗಾಳಿಯದು ಸರಾಸರಿ 29. ಎರಡೂ ಸಮವಾಗಿ ಬೆರೆಯುತ್ತವೆ. ಎತ್ತರಕ್ಕಿಂತ ಸ್ಥಳ ಮುಖ್ಯ. ಮಲಗುವ ಕೋಣೆಗಳ ಹೊರಗೆ, ಪ್ರತಿ ಮಹಡಿಯಲ್ಲಿ ಒಂದೊಂದು ಇರಬೇಕು. ಬೆಂಕಿಯ ಹೊಗೆಗೆ ಅಲಾರಾಂ ಮೂರು ಮೂರು ಸಲ, ಕಾರ್ಬನ್ ಮಾನಾಕ್ಸೈಡಿಗೆ ನಾಲ್ಕು ನಾಲ್ಕು ಸಲ ಬಿಟ್ಟು ಬಿಟ್ಟು ಕೂಗುತ್ತದೆ. ಒಳಗಿನ ಸಂವೇದಕದ ಆಯಸ್ಸು ಮಾದರಿಯನ್ನು ಅನುಸರಿಸಿ 5ರಿಂದ 10 ವರ್ಷ. ಗುಂಡಿ ಒತ್ತಿದರೆ ಶಬ್ದ ಬಂತೆಂದು ಅವಧಿ ಮೀರಿದ ಅಲಾರಾಂ ಇಟ್ಟುಕೊಳ್ಳುವುದು ಸಲ್ಲದು; ಗುಂಡಿಯಿಂದ ಬ್ಯಾಟರಿ ಮತ್ತು ಶಬ್ದದ ಪರೀಕ್ಷೆ ಆಗುತ್ತದೆಯೇ ಹೊರತು ಅನಿಲ ಗುರುತಿಸುವ ಶಕ್ತಿಯ ಪರೀಕ್ಷೆ ಸಾಮಾನ್ಯವಾಗಿ ಆಗುವುದಿಲ್ಲ.

ನಮ್ಮ ಮನೆಗಳಲ್ಲಿ ಕಂಡುಬರುವ ಒಂದು ರೂಢಿ ಈ ಕಾವಲನ್ನೇ ಕಿತ್ತುಹಾಕುತ್ತದೆ. ಒಣಮೆಣಸಿನಕಾಯಿ ಒಗ್ಗರಣೆಗೋ ಗೃಹಪ್ರವೇಶದ ಹೋಮಕ್ಕೋ ಅಲಾರಾಂ ಕೂಗಿದರೆ ಬ್ಯಾಟರಿ ತೆಗೆದಿಡುವುದು, ಪ್ಲಾಸ್ಟಿಕ್ ಚೀಲ ಸುತ್ತುವುದು ಉಂಟು. ಆ ಪೆಟ್ಟಿಗೆ ಹೊಗೆ ಮತ್ತು ಕಾರ್ಬನ್ ಮಾನಾಕ್ಸೈಡ್ ಎರಡನ್ನೂ ನೋಡುವ ಜೋಡಿ ಅಲಾರಾಂ ಆಗಿದ್ದರೆ ಎರಡು ಕಾವಲೂ ಒಟ್ಟಿಗೆ ಹೋದವು. ಅಡುಗೆಮನೆಯ ಸಮೀಪ ಹೊಗೆಯ ಅಲಾರಾಂ ಬೇರೆ, ಕಾರ್ಬನ್ ಮಾನಾಕ್ಸೈಡಿನದು ಬೇರೆ ಇಟ್ಟುಕೊಳ್ಳುವುದು ಇದಕ್ಕೆ ಸರಳ ಪರಿಹಾರ. ಒಗ್ಗರಣೆ ಹೊಗೆಗೆ ಎರಡನೆಯದು ಸಾಮಾನ್ಯವಾಗಿ ಕೂಗುವುದಿಲ್ಲ.

7. ಕರ್ನಾಟಕದ ಬಚ್ಚಲುಮನೆಗೆ ಈ ಲೆಕ್ಕ

ಇದೇ ರಸಾಯನಶಾಸ್ತ್ರ ನಮ್ಮ ಊರುಗಳ ಗ್ಯಾಸ್ ಗೀಸರಿನಲ್ಲೂ ಕೆಲಸ ಮಾಡುತ್ತದೆ. ನಿಮಿಷಕ್ಕೆ 6 ಲೀಟರ್ ನೀರಿನ ಬಿಸಿಯನ್ನು 25 ಡಿಗ್ರಿ ಏರಿಸಲು 10 ಕಿಲೋವ್ಯಾಟ್‌ಗೂ ಮಿಕ್ಕ ಶಾಖ ಬೇಕು. ಅಮೆರಿಕದ 50 ಘನ ಅಡಿಯ ಸೂತ್ರದಂತೆ ಅದಕ್ಕೆ 48 ಘನ ಮೀಟರಿಗೂ ಹೆಚ್ಚು ಜಾಗ ಬೇಕಾಗುತ್ತದೆ. 5 ಅಡಿ ಅಗಲ, 7 ಅಡಿ ಉದ್ದ, 9 ಅಡಿ ಎತ್ತರದ ಬಚ್ಚಲಿನಲ್ಲಿರುವುದು 9 ಘನ ಮೀಟರ್ ಮಾತ್ರ. ಅಮೆರಿಕದ ಸಂಹಿತೆ, ಹೊರಗಾಳಿಯನ್ನೇ ಎಳೆದುಕೊಳ್ಳುವ ಮುಚ್ಚಿದ ಯಂತ್ರಗಳಂಥವನ್ನು ಬಿಟ್ಟರೆ, ಬಚ್ಚಲಿನಲ್ಲಿ ಗ್ಯಾಸ್ ಉರಿಸಲು ಬಿಡುವುದೇ ಇಲ್ಲ. ನಮ್ಮಲ್ಲಿ ಹೊಗೆಕೊಳವೆಯಿಲ್ಲದ ಗೀಸರನ್ನು ಒಳಗೇ ಹಾಕಿ, ಚಳಿಗೆ ಕಿಟಕಿ ಮುಚ್ಚಿ, ಒಬ್ಬರ ನಂತರ ಒಬ್ಬರು ಸ್ನಾನ ಮಾಡುತ್ತಾರೆ. ಸ್ನಾನಕ್ಕೆ ಹೋದವರು ಪ್ರಜ್ಞೆ ತಪ್ಪಿ, ಫಿಟ್ಸ್ ಬಂದು ಬಿದ್ದ ಪ್ರಕರಣಗಳನ್ನು ಭಾರತದ ವೈದ್ಯರು ‘ಗ್ಯಾಸ್ ಗೀಸರ್ ಸಿಂಡ್ರೋಮ್’ ಎಂದು ದಾಖಲಿಸಿದ್ದಾರೆ. ಗೀಸರನ್ನು ಬಚ್ಚಲಿನ ಹೊರಗೆ, ಬಯಲುಗಾಳಿಗೆ ಇಟ್ಟು, ನೀರನ್ನು ಮಾತ್ರ ಒಳಗೆ ತಂದರೆ ಈ ಅನಾಹುತಗಳು ತಪ್ಪುತ್ತವೆ.

8. ನಿಗಮನ

ಫರ್ನೇಸಿನ ಸಾಧನಗಳು ಉರಿಯನ್ನು ಚೆನ್ನಾಗಿಯೇ ಕಾಯುತ್ತವೆ. ಅವುಗಳಿಗೆ ಕಾಣದ ಮೂರು ಜಾಗಗಳನ್ನು, ಅಂದರೆ ಕೊಳವೆಯ ಕೀಲು, ಹೊರಗೋಡೆಯ ಗಂಡಿ, ಮನೆಯ ಗಾಳಿಯ ಸಮತೋಲವನ್ನು, ಮನೆಯವರು ನೋಡಿಕೊಳ್ಳಬೇಕು. ಯಂತ್ರದ ಸುತ್ತ ಬಟ್ಟೆ, ರಟ್ಟಿನ ಪೆಟ್ಟಿಗೆ, ಪೇಂಟ್, ಬ್ಲೀಚ್ ಇಡಬಾರದು. ಬ್ಲೀಚಿನ ಕ್ಲೋರಿನ್ ಉರಿಯೊಳಗೆ ಹೊಕ್ಕರೆ ಎಕ್ಸ್‌ಚೇಂಜರಿನ ಲೋಹವನ್ನು ತಿನ್ನುತ್ತದೆ. ಕರೆಂಟ್ ಹೋದಾಗ ಫರ್ನೇಸ್ ನಿಲ್ಲುತ್ತದೆ. ಆಗ ಗ್ಯಾಸ್ ಒಲೆ ಹಚ್ಚಿ ಮನೆ ಕಾಯಿಸುವುದು, ಗ್ರಿಲ್ ಒಳಗೆ ತರುವುದು, ಗರಾಜಿನಲ್ಲಿ ಕಾರು ಚಾಲೂ ಇಡುವುದು ಎಷ್ಟು ಅಪಾಯವೆಂದು 2021ರ ಫೆಬ್ರುವರಿಯ ಚಳಿಯಲ್ಲಿ ಟೆಕ್ಸಾಸ್ ಕಂಡಿತು. ಜನರೇಟರ್ ಮನೆಯಿಂದ ಕನಿಷ್ಠ 20 ಅಡಿ ದೂರವಿರಬೇಕು.

ಉಳಿಯುವ ಪ್ರಶ್ನೆ, ಈ ತಿಳಿವಳಿಕೆ ಯಾರಿಗೆ ತಲುಪಬೇಕು ಎಂಬುದು. ಚಳಿಗಾಲದ ಹಗಲು ಪೂರ್ತಿ ಮನೆಯೊಳಗಿರುವವರು ಬಾಣಂತನಕ್ಕೆಂದು ಬಂದ ಅಮ್ಮ, ಮೊಮ್ಮಗುವನ್ನು ನೋಡಿಕೊಳ್ಳುವ ಅಪ್ಪ, ಬಾಣಂತಿ, ಕೂಸು. ಅಂಕಿಅಂಶ ಓದಿದ ಮಗನೂ ಮಗಳೂ ಆಫೀಸಿನಲ್ಲಿರುತ್ತಾರೆ. ಹಿರಿಯರು ತಲೆನೋವನ್ನು ಪ್ರಯಾಣದ ಆಯಾಸವೆಂದೋ ಚಳಿ ಒಗ್ಗಲಿಲ್ಲವೆಂದೋ ಸಹಿಸಿಕೊಳ್ಳುತ್ತಾರೆ. ಅಲಾರಾಂ ಇಂಗ್ಲಿಷಿನಲ್ಲಿ ಎಚ್ಚರಿಸಿದರೆ ಗಾಬರಿಯಿಂದ ಅದನ್ನೇ ಆರಿಸಲು ನೋಡುತ್ತಾರೆ. ಆದ್ದರಿಂದ ಅವರು ಬಂದಿಳಿದ ವಾರದಲ್ಲೇ ಮಕ್ಕಳು ಅಲಾರಾಂ ಗುಂಡಿ ಒತ್ತಿ ಶಬ್ದ ಕೇಳಿಸಬೇಕು, ಫರ್ನೇಸನ್ನು ನಿಲ್ಲಿಸುವ ಪಕ್ಕದ ಸ್ವಿಚ್ ತೋರಿಸಬೇಕು. ಜೊತೆಗೆ ಕನ್ನಡದಲ್ಲಿ ಹೀಗೆ ಬರೆದು ಫ್ರಿಜ್ಜಿನ ಮೇಲೆ ಅಂಟಿಸಬೇಕು: ‘ಅಲಾರಾಂ ಕೂಗಿದರೆ ಕೂಸನ್ನು ಎತ್ತಿಕೊಂಡು ಎಲ್ಲರೂ ಹೊರಗೆ ಬನ್ನಿ. ಹೊರಗಿನಿಂದ 911ಕ್ಕೆ ಫೋನ್ ಮಾಡಿ. ಅಗ್ನಿಶಾಮಕ ದಳದವರು ಹೇಳುವವರೆಗೆ ಒಳಗೆ ಹೋಗಬೇಡಿ.’ ಕನ್ನಡ ಕೂಟಗಳು ದೀಪಾವಳಿಯ ಹೊತ್ತಿಗೆ ಈ ಒಂದು ಹಾಳೆಯನ್ನು ಅಚ್ಚುಹಾಕಿಸಿ ಸದಸ್ಯರ ಮನೆಗಳಿಗೆ ಹಂಚಿದರೆ, ಚಳಿಗಾಲ ಶುರುವಾಗುವ ಮೊದಲೇ ಅದು ತಲುಪಬೇಕಾದವರನ್ನು ತಲುಪುತ್ತದೆ.